ನಮ್ಮ ಮನೆಗೂ ಕಂದಾಯ ಹಾಕಿ

ಏಪ್ರಿಲ್ ಕೊನೆಯ ವಾರ ಪುರಸಭೆಯ ಕಂದಾಯದ ಕೌಂಟರ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಎರಡು ಬಗೆಯ ಜನ ಕಾಣುತ್ತಾರೆ. ಒಂದು ಬಗೆಯವರು, ಈ ಸಲ ಇಷ್ಟ್ಯಾಕೆ ಬಂತು, ಕಮ್ಮಿ ಮಾಡೋಕೆ ಏನಾದರೂ ದಾರಿ ಇದೆಯಾ ಎಂದು ಕೇಳುವವರು. ಇನ್ನೊಂದು ಬಗೆಯವರು, ನಮ್ಮ ಮನೆಗೆ ಕಂದಾಯವನ್ನೇ ಹಾಕಿಲ್ಲ ಸಾರ್, ಹಾಕಿ ಎಂದು ಕೇಳುವವರು. ಮೊದಲನೆಯವರ ಕೈಯಲ್ಲಿ ಹೋದ ವರ್ಷದ ರಶೀದಿ ಇರುತ್ತದೆ. ಎರಡನೆಯವರ ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಆಧಾರ್, ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಮನೆಮಂದಿಯೆಲ್ಲ ಬಾಗಿಲ ಮುಂದೆ ನಿಂತು ತೆಗೆಸಿಕೊಂಡ ಒಂದು ಫೋಟೊ. ಮಲೆನಾಡಿನ ಶಿಕಾರಿಪುರ, ಸೊರಬ ತಾಲ್ಲೂಕುಗಳ ಕಡೆ ಈ ಎರಡನೆಯ ಬಗೆಯವರು ಕಡಿಮೆಯೇನಿಲ್ಲ.

ನನ್ನನ್ನು ಈ ವಿಷಯಕ್ಕೆ ಎಳೆದದ್ದು ಮಾತ್ರ ಮೊದಲನೆಯ ಬಗೆಯ ಪ್ರಶ್ನೆ. ಅದು ಬಂದದ್ದು ಟೆಕ್ಸಾಸಿನಿಂದ. ಅಣ್ಣನ ಮಗ ಅಲ್ಲೊಂದು ಮನೆ ಕೊಂಡಿದ್ದಾನೆ. ಫೋನಿನಲ್ಲಿ ಹೇಳಿದ: "ಚಿಕ್ಕಪ್ಪ, ಇಲ್ಲಿ ನಾವೇ ವಾಸ ಇರೋ ಮನೆ ಅಂತ ಒಂದು ಅರ್ಜಿ ಹಾಕಿದ್ರೆ ತೆರಿಗೆ ಸುಮಾರು ಇಳಿಯುತ್ತೆ. ಸೊರಬದ ಮನೇಲಿ ಅಮ್ಮ ಇದ್ದಾಳಲ್ಲ, ಅದಕ್ಕೂ ಹಾಕಿಬಿಡಿ."

ಅವನು ಹೇಳಿದ ಅರ್ಜಿಗೆ ಅಲ್ಲಿ ಹೋಮ್‌ಸ್ಟೆಡ್ ವಿನಾಯಿತಿ ಎನ್ನುತ್ತಾರೆ. ಟೆಕ್ಸಾಸ್ ಇನ್ನೂ ಪ್ರತ್ಯೇಕ ಗಣರಾಜ್ಯವಾಗಿದ್ದಾಗ, 1839ರಲ್ಲಿ, ಸಾಲ ಕೊಟ್ಟವರು ಬಂದು ಸಂಸಾರ ಇರುವ ಮನೆಯನ್ನು ಜಪ್ತಿ ಮಾಡಬಾರದು ಎಂದು ಮಾಡಿದ ಕಾನೂನಿನಲ್ಲಿ ಇದರ ಬೇರಿದೆ. ಸಾಲಕ್ಕೆ ಕಟ್ಟಿದ ಬೇಲಿ ಮುಂದೆ ತೆರಿಗೆಗೂ ಬಂತು. ಈಗ ಮನೆಯ ಬೆಲೆಯಲ್ಲಿ ಒಂದು ಮೊತ್ತವನ್ನು ಬಿಟ್ಟು ಉಳಿದುದಕ್ಕಷ್ಟೇ ಶಾಲಾ ತೆರಿಗೆ ಹಾಕುತ್ತಾರೆ. 2023ರಲ್ಲಿ ಜನಮತ ಪಡೆದು ಆ ಮೊತ್ತವನ್ನು 1 ಲಕ್ಷ ಡಾಲರಿಗೆ ಏರಿಸಿದರು, 2025ರ ನವೆಂಬರಿನಲ್ಲಿ 1 ಲಕ್ಷದ 40 ಸಾವಿರಕ್ಕೆ. ಪುರಾವೆ ಕೇಳುವುದು ಒಂದೇ: ಡ್ರೈವಿಂಗ್ ಲೈಸೆನ್ಸಿನ ವಿಳಾಸವೂ ಮನೆಯ ವಿಳಾಸವೂ ಒಂದೇ ಇರಬೇಕು. ಅರ್ಜಿ ಕೊಡುವ ಗಡುವು ಏಪ್ರಿಲ್ 30. ನಮ್ಮ ಪುರಸಭೆಗಳಲ್ಲೂ ಏಪ್ರಿಲ್ 30ಕ್ಕೆ ಬೆಲೆಯಿದೆ, ಆದರೆ ಬೇರೆ ಕಾರಣಕ್ಕೆ.

ಅವನಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಇದು ನಾನಿರುವ ಮನೆ, ಆದ್ದರಿಂದ ತೆರಿಗೆ ಬಿಡಿ ಎಂದು ಅರ್ಜಿ ಹಾಕುವ ಆ ತರಹದ ಪದ್ಧತಿ ನಮ್ಮ ಪುರಸಭೆ ಕಾನೂನಿನಲ್ಲಿಲ್ಲ. ಹಾಗಂತ ಮಾತು ಅಲ್ಲಿಗೆ ಮುಗಿಯುವುದೂ ಇಲ್ಲ.

ನಮ್ಮಲ್ಲಿ ಮನೆ ಕಂದಾಯ ನಿಂತಿರುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 94ನೇ ಕಲಮಿನ ಮೇಲೆ. 2002ರ ಏಪ್ರಿಲಿನಿಂದ ಸ್ವಯಂಘೋಷಣೆ ಬಂತು. ಅಲ್ಲಿಯವರೆಗೆ ಬಿಲ್ ಕಲೆಕ್ಟರು ಬಂದು ಜಗಲಿಯ ಮೇಲೆ ಕೂತು, ಮನೆ ನೋಡಿ, ಎಲೆಅಡಿಕೆ ಹಾಕಿಕೊಂಡು, ಒಂದು ಲೆಕ್ಕ ಹೇಳಿ ಹೋಗುತ್ತಿದ್ದರು. ಈಗ ಅಳತೆಯನ್ನು ನಾವೇ ಬರೆದುಕೊಡಬೇಕು. ನಿವೇಶನಕ್ಕೂ ಕಟ್ಟಡಕ್ಕೂ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯ ಆಧಾರದಲ್ಲಿ ಮೌಲ್ಯ ಕಟ್ಟಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಉಳಿದ ಮೌಲ್ಯದ ಮೇಲೆ ತೆರಿಗೆ. ನಮ್ಮ ಕಡೆಯ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಕಟ್ಟಿದವರು ಚದರಡಿ ಎಂಬ ಮಾತು ಕೇಳಿದವರಲ್ಲ. ಎಂಟಂಕಣದ ಮನೆ ಎಂದರೆ ಊರಿಗೆಲ್ಲ ಅರ್ಥವಾಗುತ್ತದೆ, ಫಾರಮಿಗೆ ಆಗುವುದಿಲ್ಲ. ಅಡಿಕೆ ಒಣಗಿಸುವ ಅಂಗಳ, ಬಚ್ಚಲ ಹಿಂದಿನ ಸೌದೆ ಕೊಟ್ಟಿಗೆ, ದನವಿಲ್ಲದೆ ಖಾಲಿ ಬಿದ್ದ ಕೊಟ್ಟಿಗೆ ಇವೆಲ್ಲ ಯಾವ ಕಾಲಮಿಗೆ ಹೋಗಬೇಕು ಎಂಬ ಜಿಜ್ಞಾಸೆಯಲ್ಲೇ ಕೆಲವರ ಒಂದು ಬೆಳಗು ಕಳೆಯುತ್ತದೆ.

ಇಲ್ಲಿ ಎರಡು ಪದಗಳನ್ನು ಬೇರೆಬೇರೆ ಇಟ್ಟುಕೊಂಡರೆ ತಲೆನೋವು ಕಮ್ಮಿ. ವಿನಾಯಿತಿ ಎಂದರೆ ತೆರಿಗೆಯ ಬಾಧ್ಯತೆಯನ್ನೇ ಬಿಡುವುದು. ರಿಯಾಯಿತಿ ಎಂದರೆ ಬಾಧ್ಯತೆ ಉಳಿಸಿಕೊಂಡು ಸ್ವಲ್ಪ ಇಳಿಸುವುದು. ಸಾಮಾನ್ಯ ಮನೆಯವರಿಗೆ ಸಿಗುವುದು ಎರಡನೆಯದು. ವರ್ಷದ ತೆರಿಗೆಯನ್ನು ಏಪ್ರಿಲ್ 30ರೊಳಗೆ ಒಟ್ಟಿಗೆ ಕಟ್ಟಿದರೆ ಶೇ 5 ಬಿಡುತ್ತಾರೆ. ಜೂನ್ ಮುಗಿಯುವವರೆಗೆ ಅಸಲು ಕಟ್ಟಿದರೆ ಸಾಕು. ಆಮೇಲೆ ತಿಂಗಳಿಗೆ ಶೇ 2ರಂತೆ ದಂಡ ಬೆಳೆಯುತ್ತದೆ. ಸಾವಿರ ರೂಪಾಯಿ ತೆರಿಗೆಗೆ ಏಪ್ರಿಲಿನಲ್ಲಿ ಉಳಿಯುವುದು 50 ರೂಪಾಯಿ, ಒಂದು ಮಸಾಲೆ ದೋಸೆಯ ದುಡ್ಡು. ಮರೆತು ಮಾರ್ಚಿಗೆ ಹೋದರೆ ದೋಸೆಯ ಜೊತೆ ಊಟವೂ ಹೋಯಿತು.

ತೆರಿಗೆಯ ಬಾಲಕ್ಕೆ ಅಂಟಿಕೊಂಡು ಉಪಕರಗಳು ಬರುತ್ತವೆ. ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಗ್ರಂಥಾಲಯದ್ದು 1965ರ ಕಾಯ್ದೆಯಿಂದ ಬಂದದ್ದು, ಭಿಕ್ಷುಕರದ್ದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ. ಸಾವಿರ ರೂಪಾಯಿ ಮನೆ ಕಂದಾಯ ಕಟ್ಟುವವರು ಪುಸ್ತಕಕ್ಕೆ 60 ರೂಪಾಯಿ ಕೊಟ್ಟಿರುತ್ತಾರೆ, ಗೊತ್ತಿಲ್ಲದೆ. ತಾಲ್ಲೂಕು ಗ್ರಂಥಾಲಯದಲ್ಲಿ ಕೂತು ಪೇಪರು ಓದುವಾಗ ಇಷ್ಟು ನೆನಪಿಟ್ಟುಕೊಂಡರೆ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ.

ಹಾಗಾದರೆ ನಿಜವಾದ ವಿನಾಯಿತಿ ಯಾರಿಗೆ? ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ಧರ್ಮಕಾರ್ಯದ ಕಟ್ಟಡ, ಸ್ಮಶಾನ. ಅಂಚೆ ಕಚೇರಿಯಂಥ ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಸಂವಿಧಾನದ 285ನೇ ವಿಧಿಯೇ ಕಾವಲು. ವಾಸದ ಮನೆಯ ಲೆಕ್ಕಕ್ಕೆ ಬಂದರೆ ಎದ್ದು ಕಾಣುವವರು ಒಂದೇ ವರ್ಗದವರು, ಮಾಜಿ ಸೈನಿಕರು ಮತ್ತು ಸೈನಿಕರ ವಿಧವೆಯರು. ತಾವೇ ಇರುವ ಒಂದು ಮನೆಗೆ ರಾಜ್ಯದಲ್ಲಿ ಅವರಿಗೆ ಅರ್ಧ ತೆರಿಗೆಯ ಅನುಕೂಲವಿದೆ. ಅದು ತಾನಾಗಿ ಬರುವುದಿಲ್ಲ. ಸೈನಿಕ ಕಲ್ಯಾಣ ಇಲಾಖೆಯ ಗುರುತಿನ ಚೀಟಿ ಲಗತ್ತಿಸಿ ಅರ್ಜಿ ಕೊಡಬೇಕು. ಅಣ್ಣನ ಮಗ ಹೇಳಿದ ಅರ್ಜಿಗೆ ನಮ್ಮಲ್ಲಿ ಹತ್ತಿರದ ನೆಂಟ ಇದೊಂದೇ.

ಸೊರಬದ ಸೀಮೆಯಲ್ಲಿ ಓಡಾಡಿದವರಿಗೆ ಈ ಅರ್ಧ ತೆರಿಗೆ ಹೊಸದೆನಿಸಬಾರದು. ಇಲ್ಲಿನ ಕೆರೆ ಏರಿಗಳ ಮೇಲೆ, ದೇವಸ್ಥಾನದ ಹಿತ್ತಿಲುಗಳಲ್ಲಿ ವೀರಗಲ್ಲುಗಳು ರಾಶಿ ನಿಂತಿವೆ. ಊರ ದನ ಹೊಡೆದೊಯ್ಯುವವರ ಎದುರು ನಿಂತು, ಊರಿನ ಮೇಲೆ ಬಂದ ದಂಡಿಗೆ ಅಡ್ಡವಾಗಿ ಸತ್ತವರ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ಹೆಸರು. ರಕ್ತಕ್ಕೆ ಬದಲಾಗಿ ಕೊಟ್ಟ ಮಾನ್ಯ ಅದು. ಪುರಸಭೆಯ ಕಡತದಲ್ಲಿ ಈಗ ಅದರ ಹೆಸರು ಶೇ 50 ರಿಯಾಯಿತಿ. ಭಾಷೆ ಬಡವಾಗಿದೆ, ಯೋಚನೆ ಅದೇ.

ತೆರಿಗೆ ಬಿಡುವ ವಿಷಯದಲ್ಲಿ ಈ ಎರಡು ತಾಲ್ಲೂಕುಗಳಷ್ಟು ಹಳೆಯ ದಾಖಲೆ ಇಟ್ಟ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಮಾಲೆಯಲ್ಲಿ ಶಿಕಾರಿಪುರದ ಶಾಸನಗಳನ್ನು 1902ರಲ್ಲಿ ಏಳನೆಯ ಸಂಪುಟಕ್ಕೂ ಸೊರಬದವನ್ನು 1904ರಲ್ಲಿ ಎಂಟನೆಯದಕ್ಕೂ ಸೇರಿಸಿದರು. ಪುಟ ತಿರುವಿದರೆ ಅರ್ಧಕ್ಕರ್ಧ ದಾನದ ಮಾತೇ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಪುರಾತತ್ತ್ವ ಇಲಾಖೆಯ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ, ಅಂದರೆ ಸಿಂಹ ಕೆತ್ತಿದ ಮೆಟ್ಟಿಲ ಕಟಕಟೆಯ, ಮೇಲಿನ ಬರಹವನ್ನು ವಿದ್ವಾಂಸರು ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿ ಶಾಸನಕ್ಕಿಂತಲೂ ಹಿಂದಿನದು ಎಂದಿದ್ದಾರೆ. ಅದರಲ್ಲಿ ಅವರು ಓದಿರುವುದು ಅಂಬಿಗನೊಬ್ಬನಿಗೆ ಭೂಮಿ ಬಿಟ್ಟ ಸಂಗತಿ. ಕನ್ನಡ ಕಲ್ಲಿನ ಮೇಲೆ ಬಾಯಿಬಿಟ್ಟ ಮೊದಲ ಮಾತುಗಳಲ್ಲೇ ಯಾರಿಗೆ ಯಾವ ನೆಲ ಎಂಬ ವಿಚಾರ ಬಂದುಬಿಟ್ಟಿದೆ. ಖಾತೆಗಾಗಿ ಅಲೆಯುವವರು ತಮ್ಮ ಹಿರಿಯರನ್ನು ಇಲ್ಲಿ ಕಾಣಬಹುದು.

ಅದೇ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠದ ಮಾತು ಬೇರೆಯೇ. 1162ರ ಶಾಸನ ಅದನ್ನು ವೇದ ವ್ಯಾಕರಣ ಓದುವವರ, ಕುರುಡರು ಕುಂಟರು ಊಟ ಮಾಡುವ, ರೋಗಿಗಳಿಗೆ ಔಷಧ ಸಿಗುವ ಜಾಗವೆಂದು ವರ್ಣಿಸುತ್ತದೆ. ಇಂಥ ಮಠ ಗುಡಿಗಳಿಗೆ ಬಿಟ್ಟ ಭೂಮಿ ಸರ್ವನಮಸ್ಯ, ಅಂದರೆ ಯಾವ ತೆರಿಗೆಯೂ ತಾಗದ್ದು. ತೆರಿಗೆಗಳೋ, ಒಂದೆರಡಲ್ಲ. ಆ ಕಾಲದ ಕನ್ನಡ ಶಾಸನಗಳಲ್ಲಿ ಗಾಣಕ್ಕೆ, ಮಗ್ಗಕ್ಕೆ, ಮದುವೆಗೆ ಎಲ್ಲಕ್ಕೂ ತೆರೆಯಿತ್ತು, ಮನೆಗೂ ಮನೆವಣ ಎಂಬುದಿತ್ತು. ಬಿಟ್ಟ ತೆರಿಗೆಯನ್ನು ಮುಂದೆ ಬಂದ ಅಧಿಕಾರಿ ಮತ್ತೆ ಕೇಳದಿರಲಿ ಎಂದು ಕಲ್ಲಿನ ತಲೆಯಲ್ಲಿ ಸೂರ್ಯ, ಚಂದ್ರ, ಹಸು, ಕರು ಕೆತ್ತುತ್ತಿದ್ದರು. ಕೊನೆಯಲ್ಲಿ ಶಾಪ: ಇದಕ್ಕೆ ಕೈಹಾಕಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟಲಿ. ಈಗಿನ ಆದೇಶಗಳ ಕೆಳಗೆ ಪ್ರತಿಯನ್ನು ಮಾಹಿತಿಗಾಗಿ ಕಳಿಸಲಾಗಿದೆ ಎಂದಷ್ಟೇ ಇರುತ್ತದೆ.

ಆದರೆ ಆ ಕಲ್ಲುಗಳನ್ನು ಇನ್ನೊಮ್ಮೆ ನೋಡಬೇಕು. ಮಾನ್ಯ ಪಡೆದವರು ಮಠ, ಅಗ್ರಹಾರ, ವೀರನ ಮನೆ, ಕೆರೆ ಕಟ್ಟಿಸಿದವರು. ಬರೀ ವಾಸವಿದ್ದವನ ಮನೆ ಆ ಪಟ್ಟಿಯಲ್ಲಿಲ್ಲ. ಅವನು ಮನೆವಣ ಕೊಟ್ಟವನು. ಮುಂದೆ ಕೆಳದಿಯ ಶಿವಪ್ಪ ನಾಯಕ ಶಿಸ್ತು, ಅಂದರೆ ಭೂಕಂದಾಯ, ನಿಗದಿ ಮಾಡುವಾಗ ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಹೊಲವನ್ನು ಹನ್ನೆರಡು ವರ್ಷ ತಾನೇ ಬೆಳೆಸಿ ಲೆಕ್ಕ ಇಡಿಸಿದನಂತೆ. ಎಷ್ಟು ಕೇಳಬೇಕೆಂದು ತಿಳಿಯಲು ಅಷ್ಟು ತಾಳ್ಮೆ. ಆ ತಾಳ್ಮೆ ಹೋದ ಕಾಲಕ್ಕೆ, 1830ರಲ್ಲಿ, ಇದೇ ಮಲೆನಾಡಿನ ರೈತರು ನಗರ ದಂಗೆ ಎದ್ದರು. ಮರುವರ್ಷ ಮೈಸೂರಿನ ಆಡಳಿತವೇ ಬ್ರಿಟಿಷರ ಕೈಗೆ ಹೋಯಿತು.

ವಾಸಿಸುವವನಿಗೇ ಬಿಡುವ ಪದ್ಧತಿ ಪಕ್ಕದ ರಾಜ್ಯಗಳಿಗೆ ಬಂದಿದೆ. ಕೇರಳದಲ್ಲಿ 2023ರ ಏಪ್ರಿಲಿನಿಂದ 60 ಚದರ ಮೀಟರಿನವರೆಗಿನ, ಸುಮಾರು 646 ಚದರಡಿಯ, ಮಾಲೀಕರೇ ಇರುವ ಮನೆಗೆ ಕಟ್ಟಡ ತೆರಿಗೆಯಿಲ್ಲ. ಒಬ್ಬರಿಗೆ ಒಂದೇ ಮನೆ, ಫ್ಲಾಟಿಗೆ ಇಲ್ಲ, ಅರ್ಜಿ ಕೊಡಬೇಕು. ಹಾಗಾಗಿ ಮಂಜೇಶ್ವರದಲ್ಲಿ, ಕುಂಬಳೆಯಲ್ಲಿ ಕನ್ನಡ ಮಾತಾಡುವ ಒಂದು ಪುಟ್ಟ ಹೆಂಚಿನ ಮನೆಗೆ ಸಿಗುವುದು ಸೊರಬದ ಅದೇ ಅಳತೆಯ ಹೆಂಚಿನ ಮನೆಗೆ ಸಿಗುವುದಿಲ್ಲ. ಮುಂಬಯಿ 2022ರ ಜನವರಿಯಲ್ಲಿ 500 ಚದರಡಿವರೆಗಿನ ವಾಸದ ಮನೆಗೆ ಆಸ್ತಿ ತೆರಿಗೆ ಬಿಟ್ಟಿತು. ನಮ್ಮ ಬೆಂಗಳೂರಿನಲ್ಲೇ 2008ರಲ್ಲಿ ಬಂದ ಯೂನಿಟ್ ದರದ ಪದ್ಧತಿ ವಾಸದ ಮನೆಯನ್ನು ಬೇರೆ ಕಣ್ಣಿನಿಂದ ನೋಡಿತು. ಆಗ ಎ ವಲಯದಲ್ಲಿ ಬಾಡಿಗೆ ಮನೆಗೆ ಚದರಡಿಗೆ 5 ರೂಪಾಯಿ ಹಿಡಿದರೆ ಮಾಲೀಕರೇ ಇದ್ದರೆ ಎರಡೂವರೆ. ಆದಾಯ ತೆರಿಗೆಯವರು ಇನ್ನೂ ಉದಾರಿಗಳು. ಸ್ವಂತ ವಾಸದ ಎರಡು ಮನೆಗಳವರೆಗೆ ಬಾಡಿಗೆ ಆದಾಯ ಸೊನ್ನೆ ಎಂದೇ ಒಪ್ಪಿಕೊಳ್ಳುತ್ತಾರೆ. ಜನ ಇದನ್ನೂ ಮನೆ ಕಂದಾಯವನ್ನೂ ಕಲಸಿಕೊಂಡು ಪುರಸಭೆಯಲ್ಲಿ ವಾದಕ್ಕೆ ನಿಲ್ಲುವುದುಂಟು. ಅದು ದಿಲ್ಲಿಯ ಲೆಕ್ಕ, ಇದು ಊರಿನ ಲೆಕ್ಕ.

ಸಣ್ಣ ಮನೆಗೆ ಕೇರಳದ ಹಾಗೆ ಬಿಡುವುದು ನ್ಯಾಯ ಎಂದೇ ನನ್ನ ಎಣಿಕೆ. ಪುರಸಭೆಯ ಬೊಕ್ಕಸಕ್ಕೆ ಅಂಥ ಮನೆಗಳಿಂದ ಬರುವುದು ಎಷ್ಟು, ಅದನ್ನು ವಸೂಲು ಮಾಡುವ ಓಡಾಟಕ್ಕೆ ಆಗುವುದು ಎಷ್ಟು. ಹೀಗೆ ಬರೆಯುತ್ತಿರುವಾಗಲೇ ಕೌಂಟರಿನ ಎರಡನೆಯ ಬಗೆಯವರು ನೆನಪಾಗಿ ಪೆನ್ನು ತಡೆಯುತ್ತದೆ. ಅವರು ನನ್ನ ಈ ಸಲಹೆ ಕೇಳಿದರೆ ಗಾಬರಿಯಾದಾರು.

ಯಾಕೆಂದರೆ ಅವರಿಗೆ ರಶೀದಿ ಬೇಕು. ಸೊರಬ ಕಾನುಗಳ, ಅಂದರೆ ದಟ್ಟ ಕಾಡಿನ ತುಣುಕುಗಳ, ಸೀಮೆ. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಈ ತಾಲ್ಲೂಕಿನಲ್ಲಿ 171 ಕಾನುಗಳನ್ನು ಎಣಿಸಿ ವರದಿ ಬರೆದಿದ್ದರು. ಯಾವುದು ಕಾನು, ಯಾವುದು ಕಂದಾಯ ಭೂಮಿ, ಯಾವುದು ಗೋಮಾಳ ಎಂಬ ಜಗಳದ ನಡುವೆಯೇ ಮನೆಗಳು ಎದ್ದಿವೆ. ಶಿಕಾರಿಪುರದ ಕಡೆ ತಾಂಡಾಗಳು. ಜಿಲ್ಲೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರದ ಮಾತಾಡುತ್ತಿದ್ದಾರೆ. ಗೋಡೆ ಇದೆ, ಹೆಂಚಿದೆ, ಬಾಣಂತಿಕೋಣೆ ಇದೆ, ಮೂರು ಮದುವೆ ಆದ ಚಪ್ಪರದ ಗೂಟದ ಗುರುತಿದೆ. ಕಾಗದದಲ್ಲಿ ಮನೆ ಇಲ್ಲ. ಅಂಥ ಮನೆಗೆ ಬಿದ್ದ ಮೊದಲ ಕಂದಾಯದ ರಶೀದಿ, ಇಂಥವರು ಇಲ್ಲಿದ್ದಾರೆ ಎಂದು ಸರ್ಕಾರ ಬರೆದುಕೊಟ್ಟ ಮೊದಲ ಸಾಲು.

ಈ ಸಾಲಿಗಾಗಿ ಕಾನೂನುಗಳು ಒಂದರ ಮೇಲೊಂದು ಬಂದಿವೆ. ಸೊರಬದವರೇ ಆದ ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದ ಕಾಲದ ಆಶ್ರಯ ಮನೆಗಳು ಒಂದು ತಲೆಮಾರಿಗೆ ಹಕ್ಕುಪತ್ರ ಕೊಟ್ಟವು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ವಾಸದ ಮನೆಯನ್ನು ಸಕ್ರಮ ಮಾಡಲು ಭೂಕಂದಾಯ ಕಾಯ್ದೆಗೆ 94ಸಿ, ಪಟ್ಟಣಗಳಿಗೆ 94ಸಿಸಿ ಸೇರಿದವು. ನೆರೆಯ ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಉಳುವವನೇ ಹೊಲದೊಡೆಯ ಎಂಬುದು 1974ರಲ್ಲಿ ಕಾನೂನಾಯಿತು. ಅದೇ ಕಾಗೋಡಿನ ತಿಮ್ಮಪ್ಪನವರು ಕಂದಾಯ ಮಂತ್ರಿಯಾದಾಗ, ತಾಂಡಾ ಹಟ್ಟಿಗಳಲ್ಲಿ ಇರುವವರಿಗಾಗಿ ವಾಸಿಸುವವನೇ ಮನೆಯೊಡೆಯ ಎಂಬ ತಿದ್ದುಪಡಿ ಜಾರಿಗೆ ಬಂತು. ವಾಸವೇ ಹಕ್ಕಿಗೆ ಆಧಾರ ಎನ್ನುವ ಮಾತಿನಲ್ಲಿ ಟೆಕ್ಸಾಸಿನ ಕಾನೂನಿಗೂ ಇದಕ್ಕೂ ದೂರದ ನೆಂಟಸ್ತನ ಇದೆ. ಅಲ್ಲಿ ವಾಸ ತೆರಿಗೆಯನ್ನು ಇಳಿಸುತ್ತದೆ, ಇಲ್ಲಿ ತೆರಿಗೆಯ ಪುಸ್ತಕದೊಳಕ್ಕೆ ಹತ್ತಿಸುತ್ತದೆ.

ಆ ಪುಸ್ತಕ ಈಗ ಕಂಪ್ಯೂಟರಿನೊಳಗಿದೆ: ಹಳ್ಳಿಗಳಲ್ಲಿ ಇ-ಸ್ವತ್ತು, ಪಟ್ಟಣಗಳಲ್ಲಿ ಇ-ಆಸ್ತಿ. ಪಂಚಾಯಿತಿಯಲ್ಲಿ ಕೈಗೆ ಬರುವುದು ನಮೂನೆ 9 ಮತ್ತು 11ಎ ಆದರೆ ಮನೆಯವರ ಮುಖ ಅರಳುತ್ತದೆ, 11ಬಿ ಆದರೆ ಅರ್ಧ ಅರಳುತ್ತದೆ. ಅನುಮೋದನೆಯಿಲ್ಲದ ಬಡಾವಣೆಯಂಥ ಸ್ವತ್ತುಗಳು ಹೋಗುವುದು ಆ ಸಾಲಿಗೆ. ಪಟ್ಟಣಗಳಲ್ಲಿ 2025ರ ಫೆಬ್ರುವರಿಯಲ್ಲಿ ಸರ್ಕಾರ ಬಿ ಖಾತೆಯ ಅಭಿಯಾನ ಶುರು ಮಾಡಿತು. 2024ರ ಸೆಪ್ಟೆಂಬರ್ 10ಕ್ಕೆ ಮುಂಚಿನ ಅನಧಿಕೃತ ಸ್ವತ್ತುಗಳಿಗೆ ಮೊದಲ ವರ್ಷ ಎರಡು ಪಟ್ಟು ತೆರಿಗೆ, ಆಮೇಲೆ ಒಂದೇ ಪಟ್ಟು. ಎರಡು ಪಟ್ಟು ಎಂದರೆ ಜನ ಕೂಗಾಡಬೇಕಿತ್ತಲ್ಲವೆ? ಅರ್ಜಿ ಹಿಡಿದು ಬಂದರು. ಎಷ್ಟಾದರೂ ಕಟ್ಟುತ್ತೇವೆ, ಹೆಸರು ಹತ್ತಿಸಿ ಎಂದರು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ತೆರಿಗೆ ಕಟ್ಟಿದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಅನಧಿಕೃತವಾಗಿ ಕಟ್ಟಿದ್ದು ಅಧಿಕೃತವಾಗುವುದಿಲ್ಲ. ಕಾನೂನು ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಬ್ಯಾಂಕಿನವರಂತೂ ಬಿ ಖಾತೆ ನೋಡಿ ಮುಖ ಸಿಂಡರಿಸುತ್ತಾರೆ. ಗೊತ್ತಿದ್ದೂ ಜನ ರಶೀದಿಯನ್ನು ಮದುವೆ ಕಾಗದದ ಜೊತೆ ಟ್ರಂಕಿನಲ್ಲಿಡುತ್ತಾರೆ. ಕೋರ್ಟು ಒಪ್ಪದಿರಬಹುದು, ನಾಳೆ ಯಾರೋ ಬಂದು ಇದು ಯಾರ ಮನೆ ಎಂದಾಗ ಎದುರಿಗೆ ಹಿಡಿಯಲು ಏನಾದರೂ ಬೇಕಲ್ಲ.

ಸೊರಬದ ನಮ್ಮ ಮನೆಗೆ ಬಂದರೆ ಸಮಸ್ಯೆ ಇನ್ನೊಂದು ತರದ್ದು. ಇರುವವರು ಅತ್ತಿಗೆ. ಖಾತೆ ಇರುವುದು ನಮ್ಮಪ್ಪನ ಹೆಸರಿನಲ್ಲಿ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ ಪುರಸಭೆಯ ಪುಸ್ತಕದಲ್ಲಿ ಇನ್ನೂ ಪ್ರತಿ ಏಪ್ರಿಲಿಗೆ ಕಂದಾಯ ಕಟ್ಟುತ್ತಿದ್ದಾರೆ. ಪೌತಿ ಖಾತೆ ಮಾಡಿಸಬೇಕಾದವರು ನಾವು, ಮಾಡಿಸಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಸಹಿ. ಒಬ್ಬ ಟೆಕ್ಸಾಸಿನಲ್ಲಿ, ತಂಗಿ ಹುಬ್ಬಳ್ಳಿಯಲ್ಲಿ, ನಾನು ಶಿಕಾರಿಪುರದಲ್ಲಿದ್ದೂ ಇಲ್ಲದವನ ಹಾಗೆ. ಮಲೆನಾಡಿನ ಅರ್ಧ ಮನೆಗಳ ಕತೆ ಇದೇ. ಇರುವವರ ಹೆಸರು ಖಾತೆಯಲ್ಲಿಲ್ಲ, ಖಾತೆಯಲ್ಲಿರುವವರು ಮನೆಯಲ್ಲಿಲ್ಲ. ನಾಳೆ ಕೇರಳದಂತೆ ಇಲ್ಲೂ ವಾಸದ ಮನೆಗೆ ವಿನಾಯಿತಿ ಬಂದರೂ ಅತ್ತಿಗೆಗೆ ಅದು ಸಿಗುವುದು ಹೇಗೆ? ಅರ್ಜಿಯ ಮೊದಲ ಸಾಲಿನಲ್ಲೇ ಮಾಲೀಕರ ಹೆಸರು ಎಂದಿರುತ್ತದೆ. ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ಆ ಕಡೆಯಿಂದ, "ಸಹಿಗೆ ನಾನೇ ಬರಬೇಕಾ ಚಿಕ್ಕಪ್ಪ?" ಎಂದ.

ಈ ಏಪ್ರಿಲಿನಲ್ಲಿ ಅತ್ತಿಗೆಯ ಕಂದಾಯ ಕಟ್ಟಲು ಹೋದಾಗ ನನ್ನ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಆ ಪ್ಲಾಸ್ಟಿಕ್ ಕವರಿನವರು. ಖಾತೆ ಆಗಿ ಮೊದಲ ಸಲ ಕಟ್ಟುತ್ತಿದ್ದದ್ದು. ಕಿಟಕಿಯೊಳಗಿಂದ ರಶೀದಿ ಹರಿದು ಬಂತು. ಎಷ್ಟು ಎಂದು ಅವರು ನೋಡಲೂ ಇಲ್ಲ, ಅದನ್ನು ತಿರುಗಿ ನನ್ನ ಕೈಗೆ ಕೊಟ್ಟರು.

"ಅಣ್ಣ, ಹೆಸರು ಸರಿ ಬಿದ್ದಿದೆಯಾ ಸ್ವಲ್ಪ ಓದಿ ಹೇಳಿ."